ಪಾತ್ರೆಯ ಕಂಠದಲ್ಲಿ ಕೊರೆಸಿದ ತೂಕ: 78.4ರಿಂದ 69.1 ಕಿಲೊವರೆಗಿನ ಕೆಲಸದ ಟಿಪ್ಪಣಿ

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. 2025ರ ಜನವರಿಯಲ್ಲಿ ತೂಕ 78.4 ಕಿಲೊ, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ಡಿಸೆಂಬರ್ ಮೊದಲ ವಾರದಲ್ಲಿ 69.1 ಕಿಲೊ, 89 ಸೆಂಟಿಮೀಟರ್. ಎತ್ತರ 158 ಸೆಂಟಿಮೀಟರ್, ವಯಸ್ಸು 43. ಲೆಕ್ಕ ಹಾಕಿದರೆ ತಿಂಗಳಿಗೆ ಒಂದು ಕಿಲೊ ಕೂಡ ಇಳಿದಿಲ್ಲ. ಒಂದೇ ತಿಂಗಳಲ್ಲಿ ಹತ್ತು ಕಿಲೊ ಇಳಿಸುವ ಉಪಾಯ ಬೇಕಾದವರು ಇಲ್ಲಿಗೇ ನಿಲ್ಲಿಸಬಹುದು.

ಊಟದ ಪಟ್ಟಿಯೂ ಇಲ್ಲಿಲ್ಲ. ಮೈಸೂರಿನ ಹಳೆಯ ಬಡಾವಣೆಯ ಮನೆ, ಉಣ್ಣುವವರು ಐದು ಜನ, ಅಡುಗೆ ನನ್ನದೇ. ನನಗೊಂದು ಅಡುಗೆ, ಮನೆಯವರಿಗೊಂದು ಅಡುಗೆ ಎಂದು ಎರಡು ಸಲ ಒಲೆ ಹಚ್ಚುವ ಪುರುಸೊತ್ತು ನನಗಿಲ್ಲ. ಅದೇ ಸಾರು, ಅದೇ ಮುದ್ದೆ, ಭಾನುವಾರ ಅದೇ ಕೋಳಿ. ಬದಲಾದದ್ದು ಅಳತೆ ಮಾತ್ರ. ಹೀಗಾಗಿ ಈ ಟಿಪ್ಪಣಿಯಲ್ಲಿ ತಿಂಡಿತೀರ್ಥಕ್ಕಿಂತ ತಕ್ಕಡಿ, ಸೌಟು, ಪಾತ್ರೆಗಳ ಸುದ್ದಿಯೇ ಹೆಚ್ಚು.

ಕೆಲಸಕ್ಕೆ ಕೈಹಾಕಿಸಿದ್ದು ರಕ್ತಪರೀಕ್ಷೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.0 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದರ್ಥ. ಥೈರಾಯ್ಡ್ ಸರಿಯಾಗಿತ್ತು, ಅದರ ಮೇಲೆ ತಪ್ಪು ಹೊರಿಸುವ ದಾರಿಯೂ ಮುಚ್ಚಿತು. ಭಾರತೀಯ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್ ಒಳಗಿರಬೇಕು ಎಂದೂ, ಮೊದಲು ತೂಕದ ಐದು ಪರ್ಸೆಂಟ್ ಇಳಿಸಿಕೊಂಡು ಬನ್ನಿ, ಉಳಿದದ್ದು ಆಮೇಲೆ ನೋಡೋಣ ಎಂದೂ ವೈದ್ಯರು ಹೇಳಿದರು. ಐದು ಪರ್ಸೆಂಟ್ ಎಂದರೆ ನನಗೆ 3.9 ಕಿಲೊ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನ ವೈದ್ಯರನ್ನು ಕೇಳಲೇಬೇಕು. ಊಟ ತಗ್ಗಿಸಿ ಮಾತ್ರೆಯ ಪ್ರಮಾಣ ಹಾಗೆಯೇ ಇಟ್ಟರೆ ಸಕ್ಕರೆ ತೀರಾ ಕುಸಿಯಬಹುದು. ನನಗೆ ಮಾತ್ರೆ ಇರಲಿಲ್ಲ.

1. ಜನವರಿ, ಸಂಕ್ರಾಂತಿಯ ನಂತರ: ಉಪಕರಣಗಳ ಪರೀಕ್ಷೆ

ನಿಂತು ತೂಗುವ ಡಿಜಿಟಲ್ ತಕ್ಕಡಿ 899 ರೂಪಾಯಿ. ಮನೆಗೆ ತಂದ ದಿನವೇ ಮಲಗುವ ಕೋಣೆಯಲ್ಲಿ ಒಂದು ತೂಕ, ಅಡುಗೆಮನೆಯ ಮುಂದೆ ಇನ್ನೊಂದು ತೂಕ ತೋರಿಸಿತು. ನಮ್ಮದು ಕೆಂಪು ಗಾರೆಯ ನೆಲ, ಕೋಣೆಯಲ್ಲಿ ಅಲ್ಲಲ್ಲಿ ತಗ್ಗಿದೆ. ಇಂಥ ತಕ್ಕಡಿಯ ನಾಲ್ಕು ಕಾಲುಗಳಲ್ಲೂ ಒಂದೊಂದು ಸಂವೇದಕ ಇರುತ್ತದೆ. ಒಂದು ಕಾಲು ಸರಿಯಾಗಿ ಊರದಿದ್ದರೂ ಸಂಖ್ಯೆ ಕೆಡುತ್ತದೆ.

ಯಾವ ಜಾಗದ ಸಂಖ್ಯೆ ಸರಿ ಎಂದು ತೀರ್ಮಾನಿಸಲು ತೂಕ ಗೊತ್ತಿರುವ ಭಾರದ ವಸ್ತುವೊಂದು ಬೇಕಿತ್ತು. ಹೊಸ ಗ್ಯಾಸ್ ಸಿಲಿಂಡರ್ ಅದೇ ವಾರ ಬಂದಿತ್ತು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೊ ಅನಿಲ ಇರುತ್ತದೆ, ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ನಮ್ಮದರ ಮೇಲೆ 15.7 ಎಂದಿತ್ತು, ಒಟ್ಟು 29.9 ಆಗಬೇಕು. ತಕ್ಕಡಿಯ ಗಾಜಿನ ಮೇಲೆ ಮಣೆ ಇಟ್ಟು ಅದರ ತೂಕ ಬರೆದುಕೊಂಡು, ನಮ್ಮ ಯಜಮಾನರ ಕೈಲಿ ಸೀಲು ಒಡೆಯದ ಸಿಲಿಂಡರ್ ಎತ್ತಿಸಿ ಇರಿಸಿದೆ. ಅಡುಗೆಮನೆಯ ಮುಂದಿನ ಗ್ರಾನೈಟ್ ಮೇಲೆ ಮಣೆ ಕಳೆದು 29.8, ಮಲಗುವ ಕೋಣೆಯಲ್ಲಿ 30.6. ಗ್ರಾನೈಟ್ ಗೆದ್ದಿತು. ತಕ್ಕಡಿಯ ನಾಲ್ಕು ಮೂಲೆಗೂ ಮಗಳ ಉಗುರುಬಣ್ಣದಿಂದ ಗುರುತು ಹಾಕಿದೆ. ಅಂದಿನಿಂದ ಅದು ಆ ಗುರುತು ಬಿಟ್ಟು ಕದಲಿಲ್ಲ.

ಅಗ್ಗದ ತಕ್ಕಡಿಗಳಲ್ಲಿ ಇನ್ನೊಂದು ಕಿತಾಪತಿ ಇದೆ. ಇಳಿದು ಮತ್ತೆ ಹತ್ತಿದರೆ, ವ್ಯತ್ಯಾಸ ಸಣ್ಣದಾಗಿದ್ದರೆ ಹಿಂದಿನ ಸಂಖ್ಯೆಯನ್ನೇ ತೋರಿಸುತ್ತವೆ. ನೋಡುವವರಿಗೆ ‘ಎಷ್ಟು ನಿಖರ’ ಎನಿಸುತ್ತದೆ. ಕಾಲು ಲೀಟರ್ ನೀರಿನ ಲೋಟ ಹಿಡಿದು ಹತ್ತಿದಾಗಲೂ 78.4 ಬಂದದ್ದನ್ನು ನೋಡಿ ಅನುಮಾನ ಬಂತು. ನಡುವೆ ಐದು ಕಿಲೊ ರಾಗಿಹಿಟ್ಟಿನ ಚೀಲವನ್ನು ಒಮ್ಮೆ ಇಟ್ಟು ತೆಗೆದರೆ ಹಳೆಯ ಸಂಖ್ಯೆ ಮರೆತು ಹೊಸದಾಗಿ ತೂಗುತ್ತದೆ. ಈಗ ಹಿಟ್ಟಿನ ಚೀಲ ತಕ್ಕಡಿಯ ಪಕ್ಕದಲ್ಲೇ ಇರುತ್ತದೆ.

ಹೊಲಿಗೆ ಪೆಟ್ಟಿಗೆಯಲ್ಲಿದ್ದ ಬಟ್ಟೆಯ ಟೇಪು ಸೊಂಟವನ್ನು ಸಂತೋಷವಾಗುವಷ್ಟು ಕಡಿಮೆ ತೋರಿಸಿತು. ಮಗನ ಉಕ್ಕಿನ ಸ್ಕೇಲಿಗೆ ಹಿಡಿದು ನೋಡಿದರೆ ವರ್ಷಗಟ್ಟಲೆ ಜಗ್ಗಿ ಜಗ್ಗಿ ಟೇಪೇ ಉದ್ದವಾಗಿತ್ತು. ಹೊಸದು 25 ರೂಪಾಯಿ. ಅಳೆಯುವ ಜಾಗ ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ. ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ. ವಾರಕ್ಕೊಮ್ಮೆ, ಭಾನುವಾರ.

ಅಡುಗೆಮನೆಗೆ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, 349 ರೂಪಾಯಿ. ಇಡೀ ಕೆಲಸದಲ್ಲಿ ಹೆಚ್ಚು ದುಡಿದದ್ದು ಇದು.

2. ಜನವರಿ ಕೊನೆ – ಫೆಬ್ರುವರಿ: ಏನನ್ನೂ ಬದಲಿಸದೆ ಬರೆಯುವುದು

ಮೊದಲ ಮೂರು ವಾರ ಊಟ ಕಡಿಮೆ ಮಾಡಲಿಲ್ಲ. ತಿನ್ನುತ್ತಿದ್ದುದನ್ನೇ ತಿಂದು ಬರೆದಿಟ್ಟೆ. ಬೆಳಗ್ಗೆ ಶೌಚ ಮುಗಿಸಿ, ಕಾಫಿಗೆ ಮುಂಚೆ ತೂಕ.

ದಿನದ ತೂಕ ನೋಡಿ ಸಂತೋಷಪಡುವುದೂ ಅಳುವುದೂ ದಂಡ. ಒಂದು ಬೆಳಗ್ಗೆ 77.6, ಮದುವೆಮನೆಯ ಊಟದ ಮರುದಿನ 78.9. ಒಂದು ರಾತ್ರಿಯಲ್ಲಿ 1.3 ಕಿಲೊ ಕೊಬ್ಬು ಬರಬೇಕಾದರೆ ಸುಮಾರು ಹತ್ತು ಸಾವಿರ ಕ್ಯಾಲರಿ ಹೆಚ್ಚುವರಿಯಾಗಿ ತಿನ್ನಬೇಕು, ಯಾವ ಮದುವೆಯಲ್ಲೂ ಅಷ್ಟು ಬಡಿಸುವುದಿಲ್ಲ. ಅದು ಉಪ್ಪು, ನೀರು ಮತ್ತು ಇನ್ನೂ ಹೊಟ್ಟೆಯಲ್ಲೇ ಇರುವ ಊಟ. ಹಾಗಾಗಿ ಸರಾಸರಿ ಇಟ್ಟೆ: ಇಂದಿನ ತೂಕದಿಂದ ನಿನ್ನೆಯ ಸರಾಸರಿಯನ್ನು ಕಳೆಯುವುದು, ಬಂದದ್ದನ್ನು ಹತ್ತರಿಂದ ಭಾಗಿಸುವುದು, ಅದನ್ನು ನಿನ್ನೆಯ ಸರಾಸರಿಗೆ ಸೇರಿಸುವುದು. ನಿನ್ನೆಯ ಸರಾಸರಿ 77.6, ಇಂದು ತೂಕ 78.4 ಎಂದಿಟ್ಟುಕೊಳ್ಳಿ. ವ್ಯತ್ಯಾಸ 0.8, ಹತ್ತನೇ ಒಂದು ಭಾಗ 0.08, ಇಂದಿನ ಸರಾಸರಿ 77.68. ಗ್ರಾಫ್ ಹಾಳೆಯಲ್ಲಿ ದಿನದ ತೂಕಕ್ಕೆ ಚುಕ್ಕಿ, ಸರಾಸರಿಗೆ ಗೆರೆ. ಚುಕ್ಕಿಗಳು ಎಲ್ಲೆಂದರಲ್ಲಿ ಹಾರಾಡುತ್ತವೆ, ಗೆರೆ ಮಾತ್ರ ನಿಧಾನವಾಗಿ ತಿರುಗುತ್ತದೆ. ಈ ಟಿಪ್ಪಣಿಯಲ್ಲಿ ತಿಂಗಳ ಕೊನೆಯ ತೂಕ ಎಂದು ಬರೆದಿರುವುದೆಲ್ಲ ಗೆರೆಯ ತೂಕ.

ಹೆಂಗಸರಿಗೆ ಇನ್ನೊಂದು ಮಾತು. ಮುಟ್ಟಿನ ಹಿಂದಿನ ವಾರ ನನಗೆ ಒಂದರಿಂದ ಒಂದೂವರೆ ಕಿಲೊ ನೀರು ನಿಲ್ಲುತ್ತದೆ, ಗೆರೆಯೂ ಮೇಲೆ ಬಾಗುತ್ತದೆ. ಆದ್ದರಿಂದ ಈ ವಾರವನ್ನು ಹೋದ ವಾರಕ್ಕೆ ಹೋಲಿಸುವುದು ಬಿಟ್ಟು, ಹೋದ ತಿಂಗಳ ಮುಟ್ಟಿನ ನಂತರದ ವಾರವನ್ನು ಈ ತಿಂಗಳ ಅದೇ ವಾರಕ್ಕೆ ಹೋಲಿಸತೊಡಗಿದೆ. ಗಂಡಸರು ಬರೆಯುವ ಸಲಹೆಗಳಲ್ಲಿ ಇದು ಕಾಣಸಿಗುವುದಿಲ್ಲ.

ತಿಂದದ್ದನ್ನು ಲೆಕ್ಕ ಹಾಕಲು ಮೊದಲು ಮೊಬೈಲ್ ಆ್ಯಪ್ ಬಳಸಿದೆ. ಅದರಲ್ಲಿ ರಾಗಿಮುದ್ದೆ ‘ಒಂದು’ ಎಂದಿದೆ, ಎಷ್ಟು ದೊಡ್ಡದು ಎಂದಿಲ್ಲ. ಉಪ್ಪಿಟ್ಟಿಗೆ ಒಂದು ಬಟ್ಟಲು ಎಂದು ಬೇರೆ ಬೇರೆ ಸಂಖ್ಯೆಗಳು, ಯಾರ ಮನೆಯ ಬಟ್ಟಲೋ. ಅದನ್ನು ಬಿಟ್ಟು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯಿಂದ ನಮ್ಮ ಮನೆಗೆ ಬೇಕಾದ ಮೂವತ್ತು ಚಿಲ್ಲರೆ ಪದಾರ್ಥಗಳನ್ನು ಹಾಳೆಯ ಮೇಲೆ ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದೆ. ಆ ಪಟ್ಟಿಯಲ್ಲಿ ಶಕ್ತಿಯನ್ನು ಕಿಲೊಜೂಲ್‌ನಲ್ಲಿ ಕೊಟ್ಟಿದ್ದಾರೆ. ನೂರು ಗ್ರಾಂ ರಾಗಿಗೆ 1,342 ಎಂದು ನೋಡಿ ಗಾಬರಿಯಾಗಬೇಡಿ. 4.184ರಿಂದ ಭಾಗಿಸಿದರೆ 321 ಕ್ಯಾಲರಿ. ಬಿಳಿ ಅಕ್ಕಿ 356, ತೊಗರಿಬೇಳೆ 331. ಎಣ್ಣೆ, ತುಪ್ಪ ಎರಡೂ 900ರ ಆಸುಪಾಸು.

ಮೂರು ವಾರದ ಕೊನೆಗೆ ದಿನಕ್ಕೆ ಸರಾಸರಿ 2,050 ಕ್ಯಾಲರಿ, ಗೆರೆ ಹೆಚ್ಚುಕಡಿಮೆ ನೆಟ್ಟಗೆ. ಹಾಗಿದ್ದರೆ ನನ್ನ ಈಗಿನ ಓಡಾಟಕ್ಕೆ ಸರಿಹೋಗುವುದು ಅಷ್ಟು. ಅದರಲ್ಲಿ 300 ಕಡಿತ, ಗುರಿ 1,750. ಒಂದು ಕಿಲೊ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 1.2 ಕಿಲೊ ಇಳಿಯಬೇಕು. ಕಾಗದದ ಲೆಕ್ಕ ಅದು.

3. ಫೆಬ್ರುವರಿ: ಒಂದೇ ಪಾತ್ರೆ, ಐದು ತಟ್ಟೆ

ಇಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು. ಒಬ್ಬರಿಗೇ ಬೇಯಿಸಿಕೊಳ್ಳುವವರು ಅಕ್ಕಿ ತೂಗಿ, ಬೇಳೆ ತೂಗಿ ಬರೆದುಕೊಂಡರೆ ಮುಗಿಯಿತು. ಐದು ಜನರ ಸಾರಿನಲ್ಲಿ ನನ್ನ ಪಾಲಿನ ಬೇಳೆ ಎಷ್ಟು?

ಕೊನೆಗೆ ಹೊಂದಿಕೊಂಡ ವಿಧಾನ ಇದು. ಹಸಿ ಪದಾರ್ಥವನ್ನೆಲ್ಲ ತೂಗಿ ಒಟ್ಟು ಕ್ಯಾಲರಿ ಬರೆಯುವುದು. ಅಡುಗೆ ಇಳಿಸಿದ ಮೇಲೆ ಪಾತ್ರೆಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯುವುದು. ಒಂದು ದಿನದ ಬೇಳೆಸಾರು ಹೀಗಿತ್ತು: ತೊಗರಿಬೇಳೆ 150 ಗ್ರಾಂ, ತರಕಾರಿ 600 ಗ್ರಾಂ, ತೆಂಗಿನತುರಿ 50 ಗ್ರಾಂ, ಎಣ್ಣೆ 10 ಗ್ರಾಂ, ಸಾರಿನ ಪುಡಿ 20 ಗ್ರಾಂ. ಒಟ್ಟು ಸಾವಿರ ಕ್ಯಾಲರಿ. ಪಾತ್ರೆ ಬಿಟ್ಟು ಸಾರಿನ ತೂಕ 2,200 ಗ್ರಾಂ. ನೂರು ಗ್ರಾಂಗೆ 45. ನಮ್ಮ ಸೌಟಿಗೆ 110 ಗ್ರಾಂ ಹಿಡಿಯುತ್ತದೆ, ಅಂದರೆ ಸೌಟಿಗೆ 50 ಕ್ಯಾಲರಿ. ಸೌಟಿನ ಲೆಕ್ಕ ಒಮ್ಮೆ ಸಿಕ್ಕಿದರೆ ಊಟಕ್ಕೆ ಕೂತಾಗ ತಕ್ಕಡಿ ಬೇಕಿಲ್ಲ. ಮೂರು ಸೌಟು, 150.

ಖಾಲಿ ಪಾತ್ರೆಯ ತೂಕ ಮಾತ್ರ ಪ್ರತಿದಿನದ ಕಿರಿಕಿರಿಯಾಗಿತ್ತು. ಅಡುಗೆ ಮುಗಿದ ಮೇಲೆ ಪಾತ್ರೆ ಖಾಲಿ ಮಾಡಿ ತೂಗುವುದು ಆಗದ ಮಾತು. ಮೊದಲೇ ತೂಗಿಡಲು ನೆನಪಿರುವುದಿಲ್ಲ. ಪಟ್ಟಿ ಬರೆದಿಟ್ಟೆ, ಆದರೆ ನಮ್ಮ ಮನೆಯಲ್ಲಿ ಒಂದೇ ಆಕಾರದ ಮೂರು ಪಾತ್ರೆಗಳಿವೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಪರ್ಮನೆಂಟ್ ಮಾರ್ಕರ್‌ನಲ್ಲಿ ತಳಕ್ಕೆ ಬರೆದೆ. ಬೆಂಕಿಯ ಬಿಸಿ ಮತ್ತು ಉಕ್ಕಿನ ನಾರಿನ ಮುಂದೆ ಅದರ ಶಾಶ್ವತತೆ ಎರಡು ದಿನಕ್ಕೆ ಮುಗಿಯಿತು. ಬಣ್ಣ ಬಳಿದರೆ ಸುಟ್ಟ ವಾಸನೆ.

ಪರಿಹಾರ ಪಾತ್ರೆ ಅಂಗಡಿಯಲ್ಲಿತ್ತು. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಸಣ್ಣ ಯಂತ್ರ ಅವರ ಬಳಿ ಇರುತ್ತದಲ್ಲ, ಅದು. ಎಂಟು ಪಾತ್ರೆಗಳನ್ನು ಚೀಲದಲ್ಲಿ ಹೊತ್ತುಕೊಂಡು ಹೋದೆ. ‘ಯಾರ ಹೆಸರು ಹಾಕಲಿ ಅಕ್ಕ?’ ಎಂದು ಹುಡುಗ ಕೇಳಿದ. ‘640’ ಎಂದೆ. ಪಾತ್ರೆಗೆ ಹತ್ತು ರೂಪಾಯಿಯಂತೆ ಕಂಠದ ಕೆಳಗೆ ಸಾಲಾಗಿ ಚುಕ್ಕಿಚುಕ್ಕಿಯ ಅಂಕಿಗಳು ಮೂಡಿದವು: 640, 655, 1,120. ಅದರಲ್ಲಿ ಒಂದು ನನ್ನ ಮದುವೆಯ ಪಾತ್ರೆ. ಅದರ ಮೇಲೆ ಸೋದರಮಾವನ ಹೆಸರು ಮತ್ತು ತಾರೀಖು ಮೊದಲೇ ಇದ್ದವು, ಈಗ ಕೆಳಗೆ 872 ಎಂದೂ ಇದೆ. ಹುಡುಗನಿಗೆ ಕೊಡುವ ಮುಂಚೆ ಪಾತ್ರೆ ಒಣಗಿದೆಯೇ ನೋಡಿ ತೂಗಿ, ಮುಚ್ಚಳ ಬಿಟ್ಟು.

ಅತ್ತೆಗೆ ಇದೊಂದೂ ಹಿಡಿಸಲಿಲ್ಲ. ‘ಏನಮ್ಮ ಇದು, ಅನ್ನವನ್ನು ತಕ್ಕಡಿಗೆ ಹಾಕುತ್ತೀಯ? ಬೆಂದ ಅನ್ನ ಅಳೆದರೆ ಮನೆಗೆ ಏಳಿಗೆಯಾದೀತೇ?’ ಎಂದರು. ವಾದ ಮಾಡಲಿಲ್ಲ. ಅನ್ನವನ್ನು ಅವರೆದುರು ತೂಗುವುದು ಬಿಟ್ಟು, ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಅನ್ನದ ಕೈಗೆ ಎಷ್ಟು ಹಿಡಿಯುತ್ತದೆ ಎಂದು ನೋಡಿಟ್ಟುಕೊಂಡೆ. ತಲೆತಟ್ಟಿ ಬಡಿಸಿದರೆ 75 ಗ್ರಾಂ, ಸುಮಾರು 90 ಕ್ಯಾಲರಿ. ನೂರು ಗ್ರಾಂ ಅಕ್ಕಿ ನಮ್ಮ ಕುಕ್ಕರಿನಲ್ಲಿ 300 ಗ್ರಾಂ ಅನ್ನವಾಗುತ್ತದೆ. ಮೆತ್ತಗೆ ಮಾಡುವವರಲ್ಲಿ ಇನ್ನೂ ಹೆಚ್ಚು ತೂಗುತ್ತದೆ, ನಿಮ್ಮದನ್ನು ನೀವೇ ನೋಡಿಕೊಳ್ಳಿ.

4. ಫೆಬ್ರುವರಿ – ಮಾರ್ಚ್: ಮುದ್ದೆಯ ಭ್ರಮೆ

ರಾತ್ರಿ ಅನ್ನ ಬಿಟ್ಟು ಮುದ್ದೆ ಉಂಡರೆ ತೂಕ ತಾನಾಗಿ ಇಳಿಯುತ್ತದೆ ಎಂದು ಊರೆಲ್ಲ ಹೇಳುತ್ತದೆ. ನಾನೂ ಹಾಗೇ ಮಾಡಿದೆ. ಮುದ್ದೆಯನ್ನು ತೂಗುವ ಅಗತ್ಯ ಕಾಣಲಿಲ್ಲ, ರಾಗಿಯಲ್ಲವೇ. ಫೆಬ್ರುವರಿ ಕೊನೆಗೆ 77.4.

ಒಂದು ರಾತ್ರಿ ನನ್ನ ತಟ್ಟೆಯ ಮುದ್ದೆಯನ್ನು ತಕ್ಕಡಿಗಿಟ್ಟರೆ 340 ಗ್ರಾಂ. ಹಿಟ್ಟಿನ ಲೆಕ್ಕದಲ್ಲಿ 120 ಗ್ರಾಂ, ಅಂದರೆ 385 ಕ್ಯಾಲರಿ. ಮೊದಲು ಉಣ್ಣುತ್ತಿದ್ದ ಮೂರು ಕೈ ಅನ್ನ 270. ನಾನು ಊಟ ಕಡಿಮೆ ಮಾಡುವ ಬದಲು ಹೆಚ್ಚಿಸಿಕೊಂಡಿದ್ದೆ. ತೊಳಸಿ ಕಟ್ಟುವ ಕೈಗೆ ಒಂದು ಅಳತೆ ಕೂತುಬಿಟ್ಟಿರುತ್ತದೆ. ನನ್ನದು ಹೊಲದಲ್ಲಿ ದುಡಿಯುತ್ತಿದ್ದ ಅಪ್ಪನಿಗೆ ಕಟ್ಟಿ ಕಲಿತ ಅಳತೆ.

ಈಗ 80 ಗ್ರಾಂ ಹಿಟ್ಟಿಗೆ ಒಂದು ಮುದ್ದೆ. ಕಟ್ಟಿದ ಮೇಲೆ ಸುಮಾರು 230 ಗ್ರಾಂ, 257 ಕ್ಯಾಲರಿ. ಕ್ಯಾಲರಿಯಲ್ಲಿ ಅನ್ನಕ್ಕೂ ಇದಕ್ಕೂ ಹೇಳಿಕೊಳ್ಳುವ ಅಂತರವಿಲ್ಲ. ರಾಗಿಯ ಲಾಭ ಬೇರೆ ಕಡೆ ಇದೆ: ನೂರು ಗ್ರಾಂಗೆ 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ ಮೂರೂ ಇಲ್ಲ. ಸೊಪ್ಪಿನ ಸಾರಿನ ಜೊತೆ ಸಣ್ಣ ಮುದ್ದೆ ಉಂಡರೆ ಹತ್ತು ಗಂಟೆಗೆ ಡಬ್ಬಿ ತಡಕುವ ಆಸೆ ಬರುವುದಿಲ್ಲ. ಹಾಗಂತ ಎರಡು ಉಂಡರೆ ಎರಡೇ.

ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡದ್ದೂ ಇದೇ ಜಾತಿಯದು. ಬೆಲ್ಲ ನೂರು ಗ್ರಾಂಗೆ ಸುಮಾರು 350, ಸಕ್ಕರೆ 400. ರುಚಿ ಸಾಲದೆಂದು ಬೆಲ್ಲ ಒಂದಿಷ್ಟು ಹೆಚ್ಚೇ ಬೀಳುತ್ತಿತ್ತು. ಕಾಫಿಗೆ ಸಕ್ಕರೆಗೇ ಮರಳಿದೆ, ತಲೆತುಂಬಿದ ಎರಡು ಚಮಚದಿಂದ ತಲೆತಟ್ಟಿದ ಒಂದಕ್ಕೆ. ದಿನಕ್ಕೆ ಮೂರು ಕಾಫಿ, ಅದರಲ್ಲೇ ನೂರು ಕ್ಯಾಲರಿಗಿಂತ ಹೆಚ್ಚು ಉಳಿಯಿತು.

5. ಮಾರ್ಚ್: ಎಣ್ಣೆಯ ಲೆಕ್ಕಪರಿಶೋಧನೆ

ಒಗ್ಗರಣೆಗೆ ಬಿದ್ದ ಎಣ್ಣೆಯನ್ನು ಪ್ರತಿಸಲ ತೂಗುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ತಿಂಗಳ ಸಾಮಾನಿನ ಚೀಟಿ ಸಾಕು. ನಮ್ಮಲ್ಲಿ ತಿಂಗಳಿಗೆ ಐದು ಲೀಟರ್, ಐದು ಜನ. ತಲೆಗೆ ಒಂದು ಲೀಟರ್, ಅಂದರೆ 910 ಗ್ರಾಂ. ದಿನಕ್ಕೆ 30 ಗ್ರಾಂ, 270 ಕ್ಯಾಲರಿ. ತುಪ್ಪ, ತೆಂಗಿನಕಾಯಿ ಬೇರೆ. ನನ್ನ ಪುಸ್ತಕದಲ್ಲಿ ಎಣ್ಣೆ ದಿನಕ್ಕೆ 15 ಗ್ರಾಂ ಎಂದಿತ್ತು. ಅರ್ಧದಷ್ಟು ಎಣ್ಣೆ ಬರವಣಿಗೆಗೆ ಸಿಗದೆ ಹೊಟ್ಟೆಗೆ ಹೋಗುತ್ತಿತ್ತು.

ಎಣ್ಣೆ ಸಿಂಪಡಿಸುವ ಬಾಟಲಿ ತಂದೆ, 249 ರೂಪಾಯಿ. ಒಂದು ವಾರದಲ್ಲಿ ಅದರ ಮೂತಿ ಕಟ್ಟಿಕೊಂಡು ಮಂಜಿನ ಬದಲು ನೇರವಾಗಿ ಧಾರೆ ಹೊಡೆಯತೊಡಗಿತು. ಬಿಸಿನೀರು, ಸೂಜಿ, ಏನು ಮಾಡಿದರೂ ಸರಿಹೋಗಲಿಲ್ಲ. ಬಿಸಾಡಿದೆ.

ಉಪಯೋಗಕ್ಕೆ ಬಂದದ್ದು ಮೂರು. ಎಣ್ಣೆಯ ಜಗ್ಗಿನಿಂದ ಬಗ್ಗಿಸುವುದನ್ನು ನಿಲ್ಲಿಸಿ, ಅಳತೆಯ ಚಮಚವನ್ನು ದಾರ ಕಟ್ಟಿ ಜಗ್ಗಿನ ಹಿಡಿಗೇ ನೇತುಹಾಕಿದೆ. ದೋಸೆಗೆ ಕಬ್ಬಿಣದ ಕಾವಲಿಯನ್ನು ಮತ್ತೆ ಪಳಗಿಸಿ, ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರುವ ಅಜ್ಜಿಯ ಕಾಲದ ಪದ್ಧತಿಗೆ ಹೋದೆ. ಕರಿದ ಎಣ್ಣೆಯನ್ನು ಪಲ್ಯಕ್ಕೆ ಸುರಿದು ಖರ್ಚು ಮಾಡುವುದು ತಪ್ಪಲೆಂದು ಕರಿಯುವ ದಿನಗಳನ್ನೇ ಕಡಿಮೆ ಮಾಡಿದೆ. ಮೇ ಹೊತ್ತಿಗೆ ತಿಂಗಳ ಎಣ್ಣೆ ಮೂರೂಕಾಲು ಲೀಟರಿಗೆ ಬಂತು. ತಲೆಗೆ ದಿನಕ್ಕೆ 20 ಗ್ರಾಂ ಹತ್ತಿರ ಎನ್ನಿ. ಯಾರೂ ರುಚಿ ಕೆಟ್ಟಿತೆನ್ನಲಿಲ್ಲ. ನಮ್ಮ ಯಜಮಾನರ ಬೆಲ್ಟು ಒಂದು ತೂತು ಒಳಗೆ ಹೋಯಿತು. ಅದು ತಮ್ಮ ಬೆಳಗಿನ ಯೋಗದ ಫಲವೆಂದು ಅವರು ಇಂದಿಗೂ ನಂಬಿದ್ದಾರೆ.

ಮಾರ್ಚ್ ಕೊನೆಗೆ 76.2. ಯುಗಾದಿ 30ಕ್ಕೆ ಬಂತು. ಒಂದು ಹೋಳಿಗೆ, ಮೇಲೆ ಒಂದು ಚಮಚ ತುಪ್ಪ, ನನ್ನ ಲೆಕ್ಕದಲ್ಲಿ 310. ಎರಡು ತಿಂದೆ, ಬರೆದೆ.

6. ಏಪ್ರಿಲ್ – ಮೇ: ನಡಿಗೆ, ಮೆಟ್ಟಿಲು, ಕುರ್ಚಿ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ಮುಕ್ಕಾಲು ಗಂಟೆ. ಮೊದಲೆರಡು ವಾರ ಚಪ್ಪಲಿಯಲ್ಲೇ ನಡೆದು ಹಿಮ್ಮಡಿ ನೋವು ಹಿಡಿಯಿತು. ಬೆಳಗ್ಗೆ ಹಾಸಿಗೆಯಿಂದ ಕಾಲಿಟ್ಟರೆ ಮೊಳೆ ಚುಚ್ಚಿದ ಹಾಗೆ. ಹತ್ತು ದಿನ ನಡಿಗೆ ಬಂದ್, 2,200 ರೂಪಾಯಿಯ ಬೂಟು. ಇದು ಮೊದಲೇ ಆಗಬೇಕಿದ್ದ ಖರ್ಚು.

ಮೊಬೈಲು ಪ್ರತಿ ನಡಿಗೆಗೂ 310 ಕ್ಯಾಲರಿ ಸುಟ್ಟಿತೆಂದು ತೋರಿಸುತ್ತಿತ್ತು. ನನ್ನ ತೂಕಕ್ಕೆ, ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ, ಮುಕ್ಕಾಲು ಗಂಟೆಗೆ ಒಟ್ಟು 200. ಅದೇ ಹೊತ್ತು ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದುದನ್ನು ಕಳೆದರೆ 145. ಒಂದು ಹೋಳಿಗೆಗೆ ಎರಡು ಬೆಳಗಿನ ನಡಿಗೆ. ಹಾಗಾಗಿ ನಡೆದದ್ದಕ್ಕೆ ಪ್ರತಿಯಾಗಿ ತಿನ್ನುವ ಪದ್ಧತಿ ಇಟ್ಟುಕೊಳ್ಳಲಿಲ್ಲ, ಊಟದ ಲೆಕ್ಕಕ್ಕೂ ನಡಿಗೆಯ ಲೆಕ್ಕಕ್ಕೂ ಬೇರೆ ಬೇರೆ ಪುಟ.

ತಿಂಗಳಿಗೊಮ್ಮೆ ಪರೀಕ್ಷೆಗೆ ಚಾಮುಂಡಿ ಬೆಟ್ಟದ ಮೆಟ್ಟಿಲು, ಸಾವಿರಕ್ಕೂ ಮಿಕ್ಕಿದವು. ಏಪ್ರಿಲ್‌ನಲ್ಲಿ 46 ನಿಮಿಷ, ಅದರಲ್ಲಿ ನಂದಿಯ ಬಳಿ ಕೂತು ಏದುಸಿರು ಬಿಟ್ಟದ್ದೂ ಸೇರಿದೆ. ನವೆಂಬರಿನಲ್ಲಿ 29, ಕೂರದೆ. ಇಳಿಯುವಾಗ ಮೊಣಕಾಲಿಗೆ ಪೆಟ್ಟು ಜಾಸ್ತಿ. ಮೊದಲ ಸಲ ಇಳಿದು ಬಂದು ನಾಲ್ಕು ದಿನ ಕುಂಟಿದ ಮೇಲೆ, ಹತ್ತುವುದು ಕಾಲಲ್ಲಿ, ಇಳಿಯುವುದು ಸಿಟಿ ಬಸ್ಸಿನಲ್ಲಿ ಎಂದು ನಿಯಮ ಮಾಡಿಕೊಂಡೆ. ಆಷಾಢ ಶುಕ್ರವಾರಗಳಂದು ಹತ್ತಬಹುದು, ಸಮಯ ನೋಡಿಕೊಳ್ಳಬಾರದು. ಜನಜಂಗುಳಿ ಬಿಟ್ಟಷ್ಟೇ ವೇಗ.

ನಡಿಗೆಯೊಂದರಿಂದ ತೋಳು ತೊಡೆಗಳ ಬಲ ಉಳಿಯುವುದಿಲ್ಲ, ಊಟ ಕಡಿಮೆ ಮಾಡಿದರೆ ಸ್ನಾಯುವೂ ಕರಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ವಾರಕ್ಕೆ ಎರಡು ಸಂಜೆ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹನ್ನೆರಡರ ಮೂರು ಸುತ್ತು, ಅಡುಗೆ ಕಟ್ಟೆಗೆ ಕೈ ಊರಿ ದಂಡ ಹೊಡೆಯುವುದು ಎಂಟರ ಮೂರು ಸುತ್ತು. ಸುಲಭವಾದ ಮೇಲೆ ಮಗನ ಶಾಲೆಯ ಚೀಲಕ್ಕೆ ಐದು ಕಿಲೊ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಂಡೆ. ಊಟದಲ್ಲಿ ಬೇಳೆ ತುಸು ಹೆಚ್ಚು, ವಾರದಲ್ಲಿ ನಾಲ್ಕು ದಿನ ಬೆಳಗ್ಗೆ ಎರಡು ಮೊಟ್ಟೆ, ಹುರುಳಿಕಾಳಿನ ಸಾರು.

ಏಪ್ರಿಲ್ ಕೊನೆಗೆ 75.7. ಬಾದಾಮಿ, ರಸಪುರಿ ಮಾವಿನ ಕಾಲ, ರಜೆಗೆ ಬಂದ ನೆಂಟರು. ಮೇ ಕೊನೆಗೆ 74.4. ಐದು ಪರ್ಸೆಂಟ್ ದಾಟಿತು.

7. ಜುಲೈ – ಆಗಸ್ಟ್: ಗೆರೆ ನಿಂತುಹೋಯಿತು

ಜೂನ್ ಕೊನೆಗೆ 73.4. ಜುಲೈ ಕೊನೆಗೆ 73.2. ಆಗಸ್ಟ್ ಮಧ್ಯದಲ್ಲಿ 73.3. ಪುಸ್ತಕದಲ್ಲಿ ದಿನಕ್ಕೆ 1,750 ಎಂದೇ ಇದೆ, ನಡಿಗೆಯೂ ತಪ್ಪಿಲ್ಲ. ‘ದೇಹ ಒಗ್ಗಿಬಿಟ್ಟಿದೆ, ಇನ್ನು ಇಳಿಯುವುದಿಲ್ಲ’ ಎಂದು ಹೇಳುವವರಿಗೆ ಬರವಿರಲಿಲ್ಲ. ತೂಕ ಇಳಿದಂತೆ ದೇಹದ ಖರ್ಚೂ ಕೊಂಚ ಇಳಿಯುವುದು ನಿಜ. ಆದರೆ ಐದು ಕಿಲೊ ಇಳಿದದ್ದಕ್ಕೆ 300 ಕ್ಯಾಲರಿಯ ಕಡಿತ ಪೂರ್ತಿ ಮಾಯವಾಗುವುದು ನನಗೆ ನಂಬಿಕೆಯಾಗಲಿಲ್ಲ. ದೇಹದ ಮೇಲೆ ಹೇರುವ ಮುಂಚೆ ಅಳತೆಯನ್ನೇ ಮತ್ತೆ ಪರೀಕ್ಷಿಸಲು ಹೊರಟೆ, ಮೊದಲಿನಿಂದ.

ನಿಂತು ತೂಗುವ ತಕ್ಕಡಿ: ಹೊಸ ಸಿಲಿಂಡರ್, ಮಣೆ, ಸರಿಯಾಗಿದೆ. ಅಡುಗೆಮನೆಯ ತಕ್ಕಡಿ: ಒಂದು ಲೀಟರ್ ಎಣ್ಣೆಯ ಪ್ಯಾಕೆಟ್ಟನ್ನೇ ಇಟ್ಟೆ, ಪ್ಲಾಸ್ಟಿಕ್ ಸೇರಿ 915, ಸರಿಯಾಗಿದೆ. ಪಾತ್ರೆಗಳು: ಕೊರೆಸಿದ ಅಂಕಿಗೂ ತೂಕಕ್ಕೂ ಎರಡು ಮೂರು ಗ್ರಾಂ ವ್ಯತ್ಯಾಸ. ಎಣ್ಣೆ: ಚೀಟಿಯ ಪ್ರಕಾರ ಹೆಚ್ಚಾಗಿಲ್ಲ.

ಸೌಟು: 145 ಗ್ರಾಂ.

ಜನವರಿಯಿಂದ ಬಳಸುತ್ತಿದ್ದ ಸೌಟಿನ ಹಿಡಿ ಜೂನ್‌ನಲ್ಲಿ ಸಡಿಲವಾಗಿತ್ತು. ಅತ್ತೆ ಪೇಟೆಗೆ ಹೋದವರು ಹೊಸದು ತಂದು ಕೊಕ್ಕೆಗೆ ನೇತುಹಾಕಿದ್ದರು. ಹಿಡಿ, ಉದ್ದ, ಹೊಳಪು ಎಲ್ಲ ಅದೇ. ಬಟ್ಟಲು ಮಾತ್ರ ಒಂದು ಬೆರಳು ಆಳ. ನಾನು ಬರೆಯುತ್ತಿದ್ದದ್ದು ಅದೇ ‘ಮೂರು ಸೌಟು’. ದಿನಕ್ಕೆ ಎರಡು ಊಟದಲ್ಲಿ ಆರು ಸೌಟು, ಪ್ರತಿ ಸೌಟಿಗೂ 35 ಗ್ರಾಂ ಹೆಚ್ಚು. ಒಟ್ಟು 210 ಗ್ರಾಂ, 95 ಕ್ಯಾಲರಿ.

ಇನ್ನೂ 200 ಎಲ್ಲೋ ಇದೆ. ಬಾಯಿಗೆ ಹೋಗಿ ಪುಸ್ತಕಕ್ಕೆ ಬಾರದ್ದು ಯಾವುದು ಎಂದು ನೋಡಲು ಒಂದು ಉಪಾಯ ಮಾಡಿದೆ. ಊಟದ ಹೊತ್ತು ಬಿಟ್ಟು ಬಾಯಿಗೆ ಹಾಕಿಕೊಳ್ಳಲು ಕೈ ಎತ್ತಿದ್ದನ್ನೆಲ್ಲ ಒಂದು ದಿನ ಡಬ್ಬಿಗೆ ಹಾಕಿದೆ. ಮಗಳು ಬಿಟ್ಟ ಚಪಾತಿಯ ಅಂಚು, ಮಗನ ಊಟದ ಡಬ್ಬಿಯಲ್ಲಿ ವಾಪಸಾದ ಚಿತ್ರಾನ್ನ, ತಟ್ಟೆಯಲ್ಲಿ ಉಳಿದ ಎರಡು ತುತ್ತು ಅನ್ನಸಾರು, ಉಪ್ಪು ನೋಡಿದ ಪಲ್ಯ. ರಾತ್ರಿ ತೂಗಿದರೆ 160 ಗ್ರಾಂ. ಅನ್ನ ಚೆಲ್ಲಬಾರದೆಂದು ಬೆಳೆದವಳು, ಕೈ ತಾನಾಗಿ ಹೋಗುತ್ತದೆ. ಹಗುರವಾಗಿ ಹಿಡಿದರೂ 200 ಕ್ಯಾಲರಿ. ಶಾಲೆ ಶುರುವಾದ ಜೂನ್‌ಗೂ ಗೆರೆ ನಿಂತ ಹೊತ್ತಿಗೂ ಹೆಚ್ಚುಕಡಿಮೆ ತಾಳೆಯಾಯಿತು.

95, 200. ನನ್ನ ಇಡೀ ಕಡಿತ.

ಹಳೆಯ ಸೌಟಿಗೆ ರಿವೆಟ್ ಹಾಕಿಸಿದೆ, 20 ರೂಪಾಯಿ. ಹೊಸದು ಅತ್ತೆಯ ಮನಸ್ಸಿಗೆ ನೋವಾಗದಂತೆ ಪಾಯಸಕ್ಕೆ ಮೀಸಲಾಯಿತು. ಮಕ್ಕಳಿಗೆ ಮೊದಲು ಅರ್ಧ ಬಡಿಸಿ, ಬೇಕಾದರೆ ಮತ್ತೆ ಬಡಿಸುವುದು ಎಂದಾಯಿತು. ಉಳಿದದ್ದು ಬೀದಿಯ ಹಸುವಿಗೆ. ಸೆಪ್ಟೆಂಬರ್ ಕೊನೆಗೆ 72.0, ದಸರೆಯ ನೆಂಟರ ನಡುವೆಯೂ.

ಗೆರೆ ನಿಂತಿದ್ದ ಆ ಎರಡು ತಿಂಗಳಲ್ಲಿ ಸೊಂಟ ಮಾತ್ರ ಒಂದೂವರೆ ಸೆಂಟಿಮೀಟರ್ ಇಳಿದಿತ್ತು. ಅದಿಲ್ಲದಿದ್ದರೆ ಪುಸ್ತಕ ಎಸೆದಿರುತ್ತಿದ್ದೆನೋ ಏನೋ.

8. ಅಕ್ಟೋಬರ್ – ಡಿಸೆಂಬರ್

ಹೇಳುವಂಥದ್ದು ಕಡಿಮೆ. ಅಕ್ಟೋಬರ್ ಕೊನೆಗೆ 70.8, ನವೆಂಬರ್ ಕೊನೆಗೆ 69.5. ದೀಪಾವಳಿಯ ಮರುದಿನ ಚುಕ್ಕಿ 72ರ ಮೇಲೆ ಹಾರಿತು, ಐದನೆಯ ದಿನಕ್ಕೆ ಗೆರೆಯ ಹತ್ತಿರ ಬಂತು. ನವೆಂಬರಿನ ಎಚ್‌ಬಿಎ1ಸಿ 5.7. ಹೊಸ್ತಿಲಿನಿಂದ ಇನ್ನೂ ಈಚೆ ಬಂದಿಲ್ಲ, ಅದರ ಕೆಳ ಅಂಚಿಗೆ ಬಂದಿದ್ದೇನೆ.

ಖರ್ಚು

ನಿಂತು ತೂಗುವ ತಕ್ಕಡಿ 899, ಅಡುಗೆಮನೆಯ ತಕ್ಕಡಿ 349, ಅಳತೆಯ ಚಮಚಗಳು 110, ಟೇಪು 25, ಪುಸ್ತಕ ಮತ್ತು ಗ್ರಾಫ್ ಹಾಳೆ 95, ಪಾತ್ರೆ ಕೊರೆತ 80, ಸೌಟಿನ ರಿವೆಟ್ 20, ಬೂಟು 2,200, ದಂಡವಾದ ಎಣ್ಣೆ ಬಾಟಲಿ 249. ಒಟ್ಟು 4,027 ರೂಪಾಯಿ. ರಕ್ತಪರೀಕ್ಷೆ, ಬಸ್ಸಿನ ಲೆಕ್ಕ ಸೇರಿಸಿಲ್ಲ. ಎಣ್ಣೆಯಲ್ಲಿ ತಿಂಗಳಿಗೆ ಒಂದೂಮುಕ್ಕಾಲು ಲೀಟರ್ ಉಳಿದದ್ದು ಇದರ ಅರ್ಧಕ್ಕಿಂತ ಹೆಚ್ಚನ್ನು ತುಂಬಿಕೊಟ್ಟಿದೆ.

ಬಾಕಿ ಕೆಲಸ

ಸೊಂಟ ಇನ್ನೂ 9 ಸೆಂಟಿಮೀಟರ್ ಇಳಿಯಬೇಕು. ಈಗಿನ 69 ಕಿಲೊ ತೂಕದವಳಿಗೆ ಸರಿಹೋಗುವ ಊಟ ಎಷ್ಟೆಂದು ಮತ್ತೆ ಮೂರು ವಾರ ಬರೆದು ನೋಡಬೇಕು, ಜನವರಿಯ 2,050 ಈಗ ಹಳೆಯ ಲೆಕ್ಕ. ಐದು ಲೀಟರಿನ ಕುಕ್ಕರಿಗೆ ತೂಕ ಕೊರೆಸಿಲ್ಲ. ಅವರೆಕಾಯಿಯ ಕಾಲ ಶುರುವಾಗಿದೆ, ಹಿತಕಿದ ಬೇಳೆಯ ಸಾರು ಅದರಲ್ಲೇ ಆಗುವುದು. ಹಿತಕಿದ ಬೇಳೆಗೆ ನನ್ನ ಬಾಗಿಲ ಹಿಂದಿನ ಹಾಳೆಯಲ್ಲಿ ಇನ್ನೂ ಸಂಖ್ಯೆ ಇಲ್ಲ, ಮೊದಲು ಅದನ್ನು ಬರೆಯಬೇಕು.